ಪಾಯಿಂಟಕ್ಕನ ಕಾಲ್ಕೆಲಸ

ಸಂಜೆ ಐದು ಗಂಟೆ ಐವತ್ತೆರಡು ನಿಮಿಷ. ಪಾಯಿಂಟಕ್ಕ ಕಾಲೇಜಿನ ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲನ್ನು ಮೊದಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. ಆಗತಾನೇ ನಡೆಯಲು ಕಲಿತ ಮಗು ಹತ್ತುವ ಹಾಗೆ, ಒಂದು ಮೆಟ್ಟಿಲಿಗೆ ಎರಡು ಹೆಜ್ಜೆ. ತರಗತಿ ಇದ್ದದ್ದು ಎರಡನೇ ಮಹಡಿಯಲ್ಲಿ. ಆರು ಹೊಡೆದ ಕೂಡಲೇ ಮೇಷ್ಟ್ರು ಬಾಗಿಲು ಹಾಕುತ್ತಾರೆ, ಆಮೇಲೆ ಅವರ ಹೆತ್ತತಾಯಿ ಬಂದರೂ ತೆಗೆಯುವುದಿಲ್ಲ ಎಂದು ಕೆಳಗೆ ನಲ್ಲಿಯ ಹತ್ತಿರ ಒಬ್ಬ ಹುಡುಗ ಹೇಳಿದ್ದ. ಅವಳ ಅರ್ಧ ವಯಸ್ಸಿನವರು ಇಬ್ಬಿಬ್ಬರಾಗಿ, ಎರಡೆರಡು ಮೆಟ್ಟಿಲು ಹಾರಿಕೊಂಡು ಪಕ್ಕದಲ್ಲೇ ಹೋದರು. ಒಬ್ಬಳು ಮಾತ್ರ ನಿಂತಳು.

"ಆಂಟಿ, ಚೀಲ ಕೊಡಿ ಇಲ್ಲಿ. ಮಗನ ಫೀಸ್ ಕಟ್ಟೋಕೆ ಬಂದ್ರಾ?"

"ನನ್ನ ಫೀಸ್ ಕಟ್ಟಿ ಆಯ್ತಮ್ಮ. ಕ್ಯಾಲ್ಕುಲಸ್ ಕ್ಲಾಸ್ ಎಲ್ಲಿ?"

ಹುಡುಗಿ ಚೀಲವನ್ನು ಹೆಗಲಿಗೇರಿಸಿಕೊಂಡಳು. ಔಷಧಿ ಅಂಗಡಿಯಲ್ಲಿ ಹಗಲು ಕೆಲಸ ಮಾಡುವ ಹುಡುಗಿ ಅವಳು. ಇಬ್ಬರೂ ಒಳಗೆ ಕಾಲಿಡುವುದಕ್ಕೂ ಬೆನ್ನ ಹಿಂದೆ ಅಗುಳಿ ಬೀಳುವುದಕ್ಕೂ ಸರಿಹೋಯಿತು. ಆ ಮೇಷ್ಟ್ರಿಗೆ ಬಾಗಿಲು ಮೇಷ್ಟ್ರು ಎಂದೇ ಹೆಸರು.

ಪಾಯಿಂಟಕ್ಕನಿಗೂ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಕಾರ್ಖಾನೆಯಲ್ಲಿ ಅದನ್ನು ಸಂಬಳದ ದಿನ ಬಿಟ್ಟರೆ ಯಾರೂ ಕೂಗುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದವಳು ಕಣ್ಣಲ್ಲೇ ಕಲಿತು ಲೇತ್ ಯಂತ್ರದ ಮುಂದೆ ನಿಂತಳು. ತಿರುಗುವ ಕಬ್ಬಿಣವನ್ನು ಕೂದಲೆಳೆಯಷ್ಟು ತೆಳ್ಳಗೆ ಹೆರೆದು, ಹೇಳಿದ ಅಳತೆಗೆ ತರುವ ಕೆಲಸ. ನೋಡಿ ಕಲಿತದ್ದನ್ನು ತಿದ್ದಿದ, ಅದೇ ಕೆಲಸದ ಹಿರಿಯ ಟರ್ನರ್ ಬೈಗುಳದಲ್ಲಿ ಧಾರಾಳಿ, ಮೆಚ್ಚುಗೆಯಲ್ಲಿ ಜಿಪುಣ. ಮೊದಲ ವಾರ ಅವಳು ಒಂದು ತುಂಡು ತೋರಿಸಿ "ಅಣ್ಣಾ, ಹತ್ತಿರ ಹತ್ತಿರ ಬಂತು" ಎಂದಾಗ ಆತ ಅದನ್ನು ತೂಕಕ್ಕೆ ಹಾಕುವ ಗುಜರಿ ಡಬ್ಬಿಗೆ ಎಸೆದು ಹೇಳಿದ್ದ: "ಹತ್ತಿರ ಅನ್ನೋ ಮಾತು ನನ್ನ ಮೆಷಿನ್ ಹತ್ತಿರ ಆಡ್ಬೇಡ." ಅಂದಿನಿಂದ ಅವಳು ಹತ್ತಿರ ಎನ್ನಲಿಲ್ಲ. ಟೀಗೆ ಸಕ್ಕರೆ ಎಷ್ಟು ಎಂದರೆ "ಒಂದು ಪಾಯಿಂಟ್ ಐದು ಚಮಚ", ಮನೆ ಎಷ್ಟು ದೂರ ಎಂದರೆ "ಎರಡು ಪಾಯಿಂಟ್ ಮೂರು". ಹೆಸರು ತಾನಾಗಿ ಅಂಟಿಕೊಂಡಿತು.

ಈಗ ನಲವತ್ಮೂರು. ಯಂತ್ರದ ಮುಂದೆ ನಿಂತೂ ನಿಂತೂ ಎಡ ಮೊಣಕಾಲಿನ ಒಳಗಿನ ಮೆತ್ತೆ ಸವೆದುಹೋಗಿತ್ತು. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನಿಂತು ಮಾಡುವ ಕೆಲಸ ಇನ್ನು ಸಾಕು ಎಂದಿದ್ದರು. ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಇದ್ದದ್ದು ಒಂದೇ ಕಡೆ, ಅಳತೆ ಕೋಣೆಯಲ್ಲಿ. ತಯಾರಾದ ತುಂಡುಗಳನ್ನು ಪರೀಕ್ಷಿಸುವ ಆ ತಣ್ಣನೆಯ ಕೋಣೆಯಲ್ಲಿ ಒಂದು ಮೇಜು, ಒಂದು ದೀಪ, ಒಂದು ಎತ್ತರದ ಸ್ಟೂಲು. ಸ್ಟೂಲಿನ ಮೇಲಿದ್ದವರು ತಿಂಗಳ ಕೊನೆಗೆ ನಿವೃತ್ತಿ. ಆದರೆ ಅಲ್ಲಿ ಕೂರಲು ಡಿಪ್ಲೊಮಾ ಬೇಕು. ಪಾಯಿಂಟಕ್ಕ ಸಂಜೆ ಕಾಲೇಜಿನಲ್ಲಿ ಒಂದೊಂದೇ ವಿಷಯ ಪಾಸು ಮಾಡುತ್ತ ಬಂದು, ಹೆದರಿಕೆಯಿಂದ ಮುಂದೆ ಮುಂದೆ ತಳ್ಳಿದ್ದ ಒಂದನ್ನು ಮಾತ್ರ ಉಳಿಸಿಕೊಂಡಿದ್ದಳು.

ಫೋರ್‌ಮನ್ ಕೆಟ್ಟವನಲ್ಲ. "ನೋಡಮ್ಮಾ ಪಾಯಿಂಟು, ಕೊನೇ ವಿಷಯ ಒಂದೇ ಬಾಕಿ, ಆ ಕ್ಲಾಸಲ್ಲಿ ನಿನ್ನ ಸೀಟು ಗಟ್ಟಿ ಅಂತ ಕಾಲೇಜಿಂದ ಒಂದು ಚೀಟಿ ತಾ. ಮೇಲಿನವರಿಗೆ ನಾನು ಹೇಳ್ತೀನಿ. ತಿಂಗಳ ಕೊನೆವರೆಗೆ ಸ್ಟೂಲು ನಿನಗೇ ಅಂತ ಕಾದಿಡ್ತೀನಿ. ಆಮೇಲೆ ನನ್ನ ಕೈಲಿಲ್ಲ," ಎಂದಿದ್ದ.

ಸೀಟು ಗಟ್ಟಿಯಾಗುವುದು ಎಂದರೇನೆಂದು ಬಾಗಿಲು ಮೇಷ್ಟ್ರು ಆ ಮೊದಲ ಸಂಜೆಯೇ ಒಂದು ಹಾಳೆ ಹಂಚಿ ಓದಿ ಹೇಳಿದರು. ತೆಳ್ಳಗಿನ ಮನುಷ್ಯ. ಧ್ವನಿಯಲ್ಲಿ ಏರಿಳಿತವೇ ಇಲ್ಲ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಕ್ಯಾಲ್ಕುಲೇಟರ್ ಇಲ್ಲ. ಹೆಜ್ಜೆಗಳನ್ನು ತೋರಿಸದ ಉತ್ತರಕ್ಕೆ ಅಂಕವಿಲ್ಲ. ತಿಳಿಯದಿದ್ದರೆ ಬಂದು ಕೇಳತಕ್ಕದ್ದು. ಎಲ್ಲಕ್ಕಿಂತ ಮೊದಲು, ಹಿಂದೆ ಕಲಿತ ಗಣಿತ ನೆನಪಿದೆಯೇ ಎಂದು ನೋಡುವ ಹತ್ತು ಪ್ರಶ್ನೆಗಳ ಪರೀಕ್ಷೆ. ಒಂಬತ್ತು ಸರಿ ಇರಬೇಕು. ಅರ್ಧ ಅಂಕ, ಕಾಲು ಅಂಕ ಎಂಬುದಿಲ್ಲ. ಬರೆದ ಕೊನೆಯ ಸಾಲೇ ಉತ್ತರ. ಮೂರು ಅವಕಾಶ. ಮೂರರಲ್ಲೂ ಬಾರದವರು ಮುಂದಿನ ವರ್ಷ ಬರಬಹುದು.

"ಕೊನೇ ನಿಯಮ," ಎಂದು ಅವರು ಹಾಳೆಯ ತಳಕ್ಕೆ ಬೆರಳಿಟ್ಟರು. "ಉತ್ತರಗಳು ನಿಖರವಾಗಿರತಕ್ಕದ್ದು."

ಪಾಯಿಂಟಕ್ಕ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬೆನ್ನನ್ನು ಬೆಂಚಿಗೆ ಆನಿಸಿದಳು. ಇದೊಂದು ಅವಳದೇ ಮಾತು.

"ಉದಾಹರಣೆಗೆ, ಒಂದು ಅಡಿ ಚೌಕದ ಕರ್ಣ ಎಷ್ಟು?" ಎಂದರು ಮೇಷ್ಟ್ರು.

"ಒಂದು ಪಾಯಿಂಟ್ ನಾಲ್ಕು ಒಂದು ನಾಲ್ಕು," ಎಂದಳು ಪಾಯಿಂಟಕ್ಕ, ಕೈ ಎತ್ತುವುದನ್ನೂ ಮರೆತು. ಹಿಂದಿನ ಬೆಂಚಿನಲ್ಲಿ ಯಾರೋ ಸಣ್ಣಗೆ ಶಿಳ್ಳೆ ಹಾಕಿದರು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಹತ್ತಿರ," ಎಂದರು. ಆಮೇಲೆ ಗಂಟೆ ಬಾರಿಸಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಹತ್ತಿರ! ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಆ ಮಾತು ಮೊಣಕಾಲಿನಂತೆಯೇ ಚುಚ್ಚಿತು.

ಮನೆಯಲ್ಲಿ ಗಂಡ ಆಗಲೇ ಮಲಗಿದ್ದ. ಬೇಕರಿಯ ಒಲೆ ಹಚ್ಚುವವನು ಕೋಳಿಗಿಂತ ಮೊದಲು ಏಳಬೇಕು. ಅತ್ತೆ ಮಾತ್ರ ಊಟದ ತಟ್ಟೆಯ ಮುಂದೆ ಕಾದಿದ್ದರು. ಕಿವಿ ಮಂದ, ನಾಲಿಗೆ ಚುರುಕು.

"ಏನು ಕಲಿಯೋಕೆ ಹೋಗಿದ್ದೆ ಅಂದೆ?"

"ಕ್ಯಾಲ್ಕುಲಸ್, ಅತ್ತೆ."

"ಕಾಲ್ಕೆಲಸಾನಾ? ಅಯ್ಯೋ ಹುಚ್ಚಿ! ಕಾಲು ನೋವು ಅಂತ ಅತ್ತುಕೊಂಡು ಹೋಗಿ ಕಾಲ್ಕೆಲಸಕ್ಕೆ ಸೇರ್ಕೊಂಡು ಬಂದ್ಯಾ?"

ಪಾಯಿಂಟಕ್ಕನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಅಂದಿನಿಂದ ಆ ಮನೆಯಲ್ಲಿ ಕ್ಯಾಲ್ಕುಲಸ್ ಎಂಬ ಪದ ಮತ್ತೆ ಕೇಳಲಿಲ್ಲ.

ಮೇಷ್ಟ್ರ 'ಹತ್ತಿರ' ಎಂಬ ಮಾತಿಗೆ ಅವಳು ಕಂಡುಕೊಂಡ ಅರ್ಥ ಒಂದೇ: ಪಾಯಿಂಟಿನ ನಂತರ ಮೂರು ಸ್ಥಾನ ಸಾಲದು. ಸರಿ, ಐದು ಸ್ಥಾನ ಕೊಡೋಣ. ಕ್ಯಾಲ್ಕುಲೇಟರ್ ಇಲ್ಲದೆ ವರ್ಗಮೂಲ ಬಿಡಿಸುವ ಹಳೆಯ ಕ್ರಮವನ್ನು, ಎರಡೆರಡು ಅಂಕಿ ಇಳಿಸಿಕೊಂಡು ಮಾಡುವ ಆ ಉದ್ದನೆಯ ಭಾಗಾಕಾರವನ್ನು, ಊಟದ ವಿರಾಮದಲ್ಲಿ ಕಬ್ಬಿಣದ ಮೇಜಿನ ಮೇಲೆ ಸುಣ್ಣದ ಕಡ್ಡಿಯಿಂದ ಅಭ್ಯಾಸ ಮಾಡಿದಳು. ಯಂತ್ರದ ಹುಡುಗರು ಸುತ್ತ ನಿಂತರು. "ಅಕ್ಕಾ, ಇದು ಯಾವ ದೇವರ ಯಂತ್ರ? ತಾಯತ ಕಟ್ತೀಯಾ?" ಎಂದು ಒಬ್ಬ ಕೇಳಿದ. "ನಿನ್ನ ಬಾಯಿಗೆ ಕಟ್ತೀನಿ, ಬಾ," ಎಂದಳು.

ಮೊದಲ ಪರೀಕ್ಷೆಯಲ್ಲಿ ಅವಳು ಬೆವರು ಒರೆಸಿಕೊಳ್ಳಲೂ ಪೆನ್ಸಿಲ್ ಕೆಳಗಿಡಲಿಲ್ಲ. ಒಂದೊಂದು ವರ್ಗಮೂಲವನ್ನೂ ಐದು ಸ್ಥಾನಕ್ಕೆ ಬಿಡಿಸಿದಳು, ಏಳನೇ ಒಂದು ಭಾಗವನ್ನು 0.14286 ಎಂದು ಬರೆದಳು, ಕೊನೆಯ ಪ್ರಶ್ನೆಯ ಕೊನೆಯ ಅಂಕಿಗೂ ಸಮಯ ಮುಗಿಯುವುದಕ್ಕೂ ಸರಿಹೋಯಿತು. ಮೈ ಹಗುರವಾಯಿತು. ಮಾರನೇ ತರಗತಿಯಲ್ಲಿ ಹಾಳೆ ಕೈಗೆ ಬಂತು. ಐದು ಸರಿ. ಉಳಿದ ಐದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ಒಂದೇ ಮಾತು: ನಿಖರವಲ್ಲ.

"ಎಷ್ಟು ಬಂತೇ?" ಎಂದರು ಅತ್ತೆ.

"ಐದು."

"ಪಾಯಿಂಟ್ ಎಷ್ಟು?"

"ಅತ್ತೆ, ಸುಮ್ನಿರ್ತೀರಾ ಸ್ವಲ್ಪ?"

ಔಷಧಿ ಅಂಗಡಿಯ ಹುಡುಗಿ ಅವಳ ಹಾಳೆಯನ್ನು ನೋಡಿ ಹಣೆ ಚಚ್ಚಿಕೊಂಡಳು. "ಆಂಟಿ, ಇಷ್ಟೆಲ್ಲಾ ಯಾಕೆ ಬಿಡಿಸಿದ್ರಿ? ರೂಟ್ ಮೂರು ಅಂದ್ರೆ ರೂಟ್ ಮೂರು ಅಂತ ಬರೆದು ಹಾಗೇ ಬಿಟ್ಬಿಡಿ."

"ಹಾಗೇ ಬಿಟ್ಟರೆ ಅದು ಉತ್ತರ ಹೇಗಾಗುತ್ತೆ? ಎಷ್ಟಮ್ಮ ಅಳತೆ ಅಂದ್ರೆ, ಎಷ್ಟಿದೆಯೋ ಅಷ್ಟು ಅಂದಹಾಗಾಯ್ತು."

"ಮೇಷ್ಟ್ರಿಗೆ ಅದೇ ಬೇಕು."

ಪಾಯಿಂಟಕ್ಕನಿಗೆ ಅದು ಅರ್ಧ ಹೆರೆದ ತುಂಡನ್ನು ಗಿರಾಕಿಯ ಕೈಗಿಟ್ಟ ಹಾಗೆ ಕಂಡಿತು. ಆದರೂ ನೀರಿಗಿಳಿದ ಮೇಲೆ ಚಳಿಯೇನು. ಎರಡನೇ ಪರೀಕ್ಷೆಯಲ್ಲಿ ಹುಡುಗಿ ಹೇಳಿದಂತೆಯೇ ರೂಟ್ ಉಳಿಸಿ ಬರೆದಳು. ಬರೆದವಳ ಕೈ ಸುಮ್ಮನಿರಬೇಕಲ್ಲ. 2 + √3 ಎಂದು ಬರೆದ ಕೆಳಗೆ, ತಾನೇ ತಾನಾಗಿ, 3.732. ಕೈಗೆ ಅಷ್ಟು ವರ್ಷದ ಅಭ್ಯಾಸ. ಅಳತೆ ಬರೆಯದ ತುಂಡನ್ನು ಅದು ಕೆಳಗಿಟ್ಟೇ ಗೊತ್ತಿಲ್ಲ. ಮೂರು ಪ್ರಶ್ನೆಗಳಲ್ಲಿ ಸರಿಯುತ್ತರದ ಕೆಳಗೆ ಹೀಗೆ ಒಂದು ಸಾಲು ಹೆಚ್ಚು ಬಿದ್ದಿತ್ತು. ಬರೆದ ಕೊನೆಯ ಸಾಲೇ ಉತ್ತರ. ಏಳು.

ಉಳಿದದ್ದು ಒಂದೇ ಅವಕಾಶ. ಅದೂ ತಿಂಗಳ ಕೊನೆಯ ಶುಕ್ರವಾರ. ಅಳತೆ ಕೋಣೆಯ ಹಿರಿಯರು ಆಗಲೇ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದರು. ಹೊರಗಿನಿಂದ ಒಬ್ಬ ಡಿಪ್ಲೊಮಾ ಹುಡುಗ ಅರ್ಜಿ ಹಾಕಿದ್ದಾನೆಂದು ಫೋರ್‌ಮನ್ ಅವಳ ಮುಖ ನೋಡದೆ ಹೇಳಿದ. ಅಂದು ಯಂತ್ರದ ಮುಂದೆ ಅವಳ ಕಾಲು ಒಮ್ಮೆ ಸೋತಿತು. ತಿರುಗುವ ಕಬ್ಬಿಣದ ಕಡೆಗೆ ವಾಲಿದವಳು ಹಿಡಿಗೋಲನ್ನು ಹಿಡಿದು ಹೇಗೋ ನಿಂತಳು. ಯಾರೂ ನೋಡಲಿಲ್ಲ. ಅವಳು ಯಂತ್ರ ನಿಲ್ಲಿಸಿ, ಎಣ್ಣೆಬಟ್ಟೆಯಿಂದ ಒಂದೇ ಜಾಗವನ್ನು ಒರೆಸುತ್ತ ನಿಂತಳು.

ಹಾಳೆಯಲ್ಲಿದ್ದ ಒಂದು ನಿಯಮವನ್ನು ಅವಳು ಅದುವರೆಗೆ ಪಾಲಿಸಿರಲಿಲ್ಲ. ತಿಳಿಯದಿದ್ದರೆ ಬಂದು ಕೇಳತಕ್ಕದ್ದು. ಕೇಳುವುದೆಂದರೆ ಬೈಸಿಕೊಳ್ಳುವುದು ಎಂದೇ ಅವಳು ಕಲಿತದ್ದು. ಮಂಗಳವಾರ ತರಗತಿಗೆ ಮೊದಲೇ ಹೋಗಿ ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು. ಅದು ಹಾಕಿರಲೇ ಇಲ್ಲ.

"ಸಾರ್, ಜಗಳ ಆಡೋಕೆ ಬಂದಿದೀನಿ," ಎಂದಳು, ಕುರ್ಚಿಯ ಬೆನ್ನು ಹಿಡಿದು.

"ಮೊದಲು ಕೂತ್ಕೊಳ್ಳಿ. ನಿಂತು ಜಗಳ ಆಡಿದ್ರೆ ಸುಸ್ತಾಗುತ್ತೆ."

"ಐದು ಸ್ಥಾನದವರೆಗೆ ಬಿಡಿಸಿದೀನಿ. ಅದು ನಿಖರ ಅಲ್ಲ ಅಂದ್ರೆ ಇನ್ನೆಷ್ಟು ಬೇಕು ನಿಮಗೆ? ನಮ್ಮ ಕೆಲಸದಲ್ಲಿ ಎರಡು ಸ್ಥಾನಕ್ಕೆ ಕೈ ಮುಗೀತಾರೆ. ಅದರ ಮೇಲಿನದು ಟಾಲರೆನ್ಸ್, ಬಿಟ್ಟುಕೊಡ್ತಾರೆ."

"ನನಗೆ ಟಾಲರೆನ್ಸ್ ಕಮ್ಮಿ. ಮನೇಲಿ ನನ್ನ ಹೆಂಡತಿನೂ ಅದನ್ನೇ ಹೇಳೋದು," ಎಂದರು ಮೇಷ್ಟ್ರು. ಆ ಮುಖದಲ್ಲಿ ನಗು ಎಲ್ಲಿಂದ ಬಂತೋ. ಆಮೇಲೆ ಡ್ರಾಯರಿನಿಂದ ಕ್ಯಾಲ್ಕುಲೇಟರ್ ತೆಗೆದು ಅವಳ ಮುಂದೆ ತಳ್ಳಿದರು. "ಇದು ಪರೀಕ್ಷೆ ಅಲ್ಲ, ಬಳಸಬಹುದು. ಎರಡರ ಮೇಲೆ ಒಂದು ಚೂರು ಸೇರಿಸಿ. ಅದರ ವರ್ಗಮೂಲದಿಂದ ಎರಡರ ವರ್ಗಮೂಲ ಕಳೀರಿ. ಬಂದದ್ದನ್ನ ಅದೇ ಚೂರಿನಿಂದ ಭಾಗಿಸಿ. ಚೂರನ್ನ ಸಣ್ಣದು ಮಾಡ್ತಾ ಹೋಗಿ. ಮುಂದೆ ಮೂರು ತಿಂಗಳು ನಾವು ಮಾಡೋದೆಲ್ಲ ಇದೇ. ಎರಡರ ವರ್ಗಮೂಲಕ್ಕೆ ಮೊದಲ ದಿನ ನೀವು ಹೇಳಿದ್ರಲ್ಲ, ಅದನ್ನೇ ಹಾಕಿ."

ಅವಳು 1.414 ಹಾಕಿದಳು. ಚೂರು 0.01 ಇದ್ದಾಗ ಉತ್ತರ 0.37 ಬಂತು. ಚೂರನ್ನು 0.0001 ಮಾಡಿದಾಗ 2.49. ಅವಳು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಒತ್ತಿದಳು. ಅದೇ ಬಂತು. ಚೂರನ್ನು ಇನ್ನೂ ಸಣ್ಣದು, 0.000001 ಮಾಡಿದಾಗ ಪರದೆಯ ಮೇಲೆ 213.9.

"ನಿಜವಾದ ಉತ್ತರ ಎಷ್ಟು ಸಾರ್?"

"ಅರ್ಧಕ್ಕಿಂತ ಕಡಿಮೆ. ಸುಮಾರು 0.35."

ಪಾಯಿಂಟಕ್ಕ ಪರದೆಯನ್ನೇ ನೋಡುತ್ತಿದ್ದಳು. ಇಂಥದ್ದೊಂದನ್ನು ಅವಳು ಕಂಡಿದ್ದಳು. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ತುಂಡಿನ ಇಳಿಜಾರನ್ನು ಗೇಣುದ್ದದಲ್ಲಿ ಅಳೆದರೆ ಕೂದಲೆಳೆಯಷ್ಟು ತಪ್ಪು ಮುಚ್ಚಿಹೋಗುತ್ತದೆ. ಅದೇ ಕೂದಲೆಳೆ ತಪ್ಪನ್ನು ಇಟ್ಟುಕೊಂಡು ಉಗುರಿನಗಲದಲ್ಲಿ ಅಳೆದರೆ ಇಳಿಜಾರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಉದ್ದ ಕಡಿಮೆಯಾದಷ್ಟೂ ತಪ್ಪು ದೊಡ್ಡದು.

"ನಾನು ಮೊದಲೇ ಒಂದಿಷ್ಟು ಹೆರೆದು ಬಿಸಾಕಿಬಿಟ್ಟೆ," ಎಂದಳು ಮೆಲ್ಲಗೆ. "ಹೆರೆದದ್ದನ್ನ ಮತ್ತೆ ಅಂಟಿಸೋಕಾಗಲ್ಲ."

"ಆಗಲ್ಲ," ಎಂದರು ಮೇಷ್ಟ್ರು. "ಆರು ಸ್ಥಾನ ಬಿಡಿಸಿ, ಅರವತ್ತು ಬಿಡಿಸಿ, ಸ್ವಲ್ಪ ಹೆರೆದೇ ಹೆರೀತೀರಿ. ಹೆರೆಯದೆ ರೂಟ್ ಎರಡನ್ನ ಹಾಗೇ ಇಟ್ಟುಕೊಂಡು ಲೆಕ್ಕ ಮುಂದುವರಿಸಿದ್ರೆ ಮೇಲಿನ ಚೂರು ಕೆಳಗಿನ ಚೂರು ಹೊಡೆದುಹೋಗುತ್ತೆ. ಆಮೇಲೆ ಬೇಕಾದ್ರೆ ಪಾಯಿಂಟ್ ಇಡಿ, ಯಾರೂ ಬೇಡ ಅನ್ನಲ್ಲ. ಹತ್ತಿರ ಹೋಗೋದನ್ನ ಕಲಿಸೋ ವಿಷಯ ಇದು. ಎಲ್ಲಿಗೆ ಹತ್ತಿರ ಹೋಗ್ತಿದೀವೋ ಅದನ್ನ ಮಾತ್ರ ಮುಟ್ಟಬಾರದು."

"ಇದನ್ನ ಮೊದಲ ದಿನವೇ ಹೇಳಬಾರದಿತ್ತಾ ಸಾರ್?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೇಳಬೇಕಿತ್ತು," ಎಂದರು. "ಗಂಟೆ ಹೊಡೀತು, ನಾನೂ ಬಿಟ್ಟುಬಿಟ್ಟೆ."

ಅರ್ಥವಾದದ್ದು ತಲೆಗೆ. ಕೈಗೆ ಹೇಳುವವರು ಯಾರು? ಮೂರು ದಿನ ಅವಳು ಅದನ್ನೇ ಯೋಚಿಸಿದಳು. ಕೊನೆಗೆ ಹಿರಿಯ ಟರ್ನರಿನ ಇನ್ನೊಂದು ಬೈಗುಳ ನೆನಪಾಯಿತು: ತಿರುಗೋದು ಪೂರ್ತಿ ನಿಲ್ಲದೆ ಅಳತೆಗೆ ಕೈ ಹಾಕಿದ್ರೆ ಬೆರಳು ಎಣಿಸಿಕೋ.

ಶುಕ್ರವಾರ ಕೊನೆಯ ಅವಕಾಶಕ್ಕೆ ಬಂದವರು ನಾಲ್ಕೇ ಜನ. ಔಷಧಿ ಅಂಗಡಿಯ ಹುಡುಗಿ ಮೊದಲ ಸಲವೇ ಪಾಸಾಗಿದ್ದರೂ ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. "ಬಸ್ ತಪ್ಪಿಹೋಯ್ತು ಆಂಟಿ," ಎಂದು ಸುಳ್ಳು ಹೇಳಿದಳು. ಬಾಗಿಲು ಮುಚ್ಚಿತು.

ಪಾಯಿಂಟಕ್ಕ ಒಂದೊಂದು ಉತ್ತರ ಬರೆದ ಕೂಡಲೇ ಪೆನ್ಸಿಲನ್ನು ಮೇಜಿನ ಮೇಲೆ ಇಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಯಂತ್ರ ನಿಲ್ಲಲಿ. ಬಲಗೈ ಚಡಪಡಿಸಿತು. ಮೂರನೇ ಪ್ರಶ್ನೆಗೆ √3/2 ಎಂದು ಬರೆದಾಗ 0.866 ಬೆರಳ ತುದಿಗೆ ಬಂದು ನಿಂತಿತ್ತು. ಅವಳು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಳು. ಮುಂದಿನದು. ಬರೆ, ಇಡು, ನಿಲ್ಲು. ಪಕ್ಕದ ಸಾಲಿನ ಹುಡುಗ ಇವಳನ್ನು ನೋಡಿ, ಪ್ರಾರ್ಥನೆ ಮಾಡುತ್ತಿದ್ದಾಳೆಂದುಕೊಂಡು ತಾನೂ ಒಮ್ಮೆ ಕೈ ಮುಗಿದ.

ಒಂಬತ್ತನೇ ಪ್ರಶ್ನೆ: 0.0625ರ ವರ್ಗಮೂಲ.

ಪ್ರಶ್ನೆಯಲ್ಲೇ ಪಾಯಿಂಟ್ ಇದೆ. ಉತ್ತರ 0.25 ಎಂದು ಕಣ್ಣಿಗೆ ಕಾಣುತ್ತಿದೆ. ಪಾಯಿಂಟ್ ಇಟ್ಟರೆ ಕೆಂಪು ಶಾಯಿ ಬೀಳುತ್ತದೆಯೇ? ಹಾಗೇ ರೂಟ್ ಚಿಹ್ನೆಯ ಕೆಳಗೆ ಬಿಟ್ಟರೆ ಸುರಕ್ಷಿತವೇ? ಪೆನ್ಸಿಲ್ ಇಟ್ಟಳು. ಎತ್ತಿಕೊಂಡಳು. ಎರಡು ಸಲ ಸುಟ್ಟುಕೊಂಡವಳಿಗೆ ಮಜ್ಜಿಗೆಯನ್ನೂ ಊದಿ ಕುಡಿಯುವ ಸ್ಥಿತಿ. ಮೇಷ್ಟ್ರು ಗಡಿಯಾರ ನೋಡಿದರು. ಅವಳು ಅಂಚಿನಲ್ಲಿ 0.25 ಅನ್ನು 0.25ರಿಂದ ಗುಣಿಸಿದಳು. 0.0625. ಹೆಚ್ಚಿಲ್ಲ, ಕಡಿಮೆಯಿಲ್ಲ. 0.25 ಎಂದು ಬರೆದಳು. ಪೆನ್ಸಿಲ್ ಕೆಳಗಿಟ್ಟಳು.

ಕೊನೆಯ ಅವಕಾಶದ ಹಾಳೆಯನ್ನು ಮೇಷ್ಟ್ರು ಎದುರಿಗೇ ಕೂರಿಸಿಕೊಂಡು ತಿದ್ದುತ್ತಿದ್ದರು. ಕೆಂಪು ಪೆನ್ನು ಒಂದು, ಎರಡು, ಮೂರಕ್ಕೆ ಸರಿ ಎಂದು ಗೀಟು ಹಾಕಿತು. ನಾಲ್ಕು. ಐದು. ಆರನೆಯದು ಲಾಗರಿದಮ್ ಕಳೆಯುವ ಲೆಕ್ಕ. ತಲೆಕೆಳಗಾಗಿ ಕಾಣುತ್ತಿದ್ದ ತನ್ನದೇ ಬರಹವನ್ನು ನೋಡುತ್ತಿದ್ದ ಪಾಯಿಂಟಕ್ಕನಿಗೆ ಆಗ ಹೊಳೆಯಿತು: ಅಲ್ಲಿ ಅಂಕಿಗಳನ್ನು ಭಾಗಿಸಬೇಕಿತ್ತು, ತಾನು ಕಳೆದುಬಿಟ್ಟಿದ್ದೇನೆ. ಪೆನ್ನು ಅಡ್ಡಗೆರೆ ಎಳೆಯಿತು. ಇನ್ನು ಒಂದೂ ಹೋಗುವಂತಿಲ್ಲ. ಏಳು. ಎಂಟು. ಒಂಬತ್ತರ ಮೇಲೆ ಪೆನ್ನು ನಿಂತಿತು.

ನಿಂತೇ ಇತ್ತು.

"ಇಲ್ಲಿ ಪಾಯಿಂಟ್ ಇಟ್ಟಿದೀರಿ," ಎಂದರು ಮೇಷ್ಟ್ರು.

"ಇಟ್ಟಿದೀನಿ ಸಾರ್."

"ಅಷ್ಟು ಹೇಳಿದ ಮೇಲೂ?"

ಅವಳಿಗೆ ಅಳತೆ ಕೋಣೆಯ ದೀಪ ನೆನಪಾಯಿತು, ಆ ಸ್ಟೂಲಿನ ಸವೆದ ಅಂಚು ನೆನಪಾಯಿತು. "ತಿರುಗಿ ಗುಣಿಸಿ ನೋಡಿದೆ ಸಾರ್. ಏನೂ ಉಳೀಲಿಲ್ಲ. ಅದು ಹತ್ತಿರ ಅಲ್ಲ. ಅದು ಅದೇ."

"ಅದು ಸರಿ ಅಂತ ನನಗೆ ಗೊತ್ತು. ನಿಮಗೆ ಗೊತ್ತಾ ಅಂತ ಕೇಳಿದೆ," ಎಂದು ಮೇಷ್ಟ್ರು ಗೀಟು ಹಾಕಿದರು. ಹತ್ತನೆಯದಕ್ಕೆ ಅವಳು 2√2 ಎಂದು ಬರೆದು ನಿಲ್ಲಿಸಿದ್ದಳು. ಅದಕ್ಕೂ ಗೀಟು ಬಿತ್ತು. ಡ್ರಾಯರಿನಿಂದ ಕಾಲೇಜಿನ ಮೊಹರಿನ ಚೀಟಿ ತೆಗೆದು ಅವಳ ಹೆಸರು ಬರೆಯತೊಡಗಿದರು, ತಂದೆತಾಯಿ ಇಟ್ಟ ಹೆಸರು.

ಹೊರಗೆ ಔಷಧಿ ಅಂಗಡಿಯ ಹುಡುಗಿ ಅವಳ ಮುಖ ನೋಡಿಯೇ ಚೀಲ ಕಿತ್ತುಕೊಂಡು ಅಪ್ಪಿಕೊಂಡಳು. ಇಬ್ಬರೂ ಮೆಟ್ಟಿಲಿಳಿಯತೊಡಗಿದರು, ಒಂದು ಮೆಟ್ಟಿಲಿಗೆ ಎರಡು ಹೆಜ್ಜೆ. ಅರ್ಧ ದಾರಿಯಲ್ಲಿ ಫೋನು ಬಡಿದುಕೊಂಡಿತು. ಅತ್ತೆಯದು. ಮಂದ ಕಿವಿಗೆ ಕೇಳಬೇಕಾದರೆ ಇತ್ತ ಕಡೆ ಕೂಗಲೇಬೇಕು.

"ಏನೇ, ಕಾಲ್ಕೆಲಸ ಮುಗೀತಾ? ಎಷ್ಟು ಬಂತು?"

"ಒಂಬತ್ತು ಅತ್ತೆ!"

"ಆಂ?"

"ಒಂಬತ್ತು!" ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲ ಗೋಡೆಗಳು ಅದನ್ನು ಹಿಂದಿರುಗಿಸಿದವು. ಹತ್ತುತ್ತಿದ್ದವರು ನಿಂತು ನೋಡಿದರು.

"ಪಾಯಿಂಟ್ ಎಷ್ಟೇ?"

ಪಾಯಿಂಟಕ್ಕ ಕಂಬಿಗೆ ಒರಗಿ, ನೋಯುವ ಕಾಲನ್ನು ಸಡಿಲ ಬಿಟ್ಟು, ನಗು ತಡೆಯಲಾರದೆ ಇನ್ನೊಮ್ಮೆ ಕೂಗಿದಳು.

"ಪಾಯಿಂಟ್ ಇಲ್ಲ ಅತ್ತೆ. ಬರೀ ಒಂಬತ್ತು."